ಕೇಳದೆ ಕೊಟ್ಟ ಅನುಮತಿ

ಜನವರಿ 8

ಅಲ್ಪವಿರಾಮಕ್ಕೆ,

ಆಶೀರ್ವಾದಗಳು. ಮಾತಿನ ಮಧ್ಯೆ ನಿಂತು ನಿಂತು ಉಸಿರೆಳೆಯುತ್ತಿದ್ದ ಮಗುವಿಗೆ ಈ ಹೆಸರಿಟ್ಟವನು ನಾನು. ಈಗ ನೀನು ಉಸಿರೂ ಬಿಡದೆ ನಾಲ್ಕು ಪುಟ ಬರೆಯುತ್ತೀ. ಆದರೂ ಹೆಸರು ವಾಪಸ್ ತೆಗೆದುಕೊಳ್ಳುವುದಿಲ್ಲ.

ನಿನ್ನ ಪತ್ರವನ್ನು ನಿಮ್ಮಮ್ಮನಿಗೆ ಎರಡು ಸಲ ಗಟ್ಟಿಯಾಗಿ ಓದಿದೆ. ಮೂರನೆಯ ಸಲಕ್ಕೆ ಅವಳು ಮಿಕ್ಸಿ ಹಾಕಿದಳು. ಇರಲಿ. ವಿಶ್ವವಿದ್ಯಾಲಯಕ್ಕೆ ಪ್ರಬಂಧ, ಪ್ರಬಂಧಕ್ಕೆ ವಿಷಯ ನಮ್ಮ ಪತ್ರಿಕೆಯ ಭಾನುವಾರದ ಕೊನೆಯ ಪುಟ! ಎಡಗಡೆ ನನ್ನ ಹಾಸ್ಯ ಅಂಕಣ, ಬಲಗಡೆ ‘ಗೆರೆ’ ಎಂದು ಸಹಿ ಹಾಕುತ್ತಿದ್ದ ನಿನ್ನ ಗೆರೆಮಾಮನ ವ್ಯಂಗ್ಯಚಿತ್ರ. ಆ ಕಾಲದಲ್ಲಿ ಜನ ಪತ್ರಿಕೆಯನ್ನು ಹಿಂದಿನಿಂದ ಓದಲು ಶುರುಮಾಡುತ್ತಿದ್ದರು. ಮುಖಪುಟ ಬರೆಯುತ್ತಿದ್ದ ಸಂಪಾದಕರ ಮುಖ ನೀನು ನೋಡಬೇಕಿತ್ತು. ಸತ್ತ ಮೇಲೆ ಸಿಗಬೇಕಾದ ಮರ್ಯಾದೆ ಬದುಕಿರುವಾಗಲೇ, ಅದೂ ಸ್ವಂತ ಮಗಳ ಕೈಯಿಂದ ಸಿಗುತ್ತಿದೆ ಎಂದು ಒಂದು ಲೋಟ ಚಹಾ ಹೆಚ್ಚಿಗೆ ಕುಡಿದೆ.

ಆಮೇಲೆ ಕೊನೆಯ ಸಾಲಿಗೆ ಬಂದೆ. "ಗೆರೆಮಾಮನ ವಿಳಾಸ ಕಳಿಸು ಅಪ್ಪಾ, ಅವರ ಅನುಮತಿ ಕೇಳಬೇಕು."

ಸರಿ, ಕೇಳು. ಅವನ ಅನುಮತಿ ಕೇಳಬೇಕು. ನನ್ನದು?

ನಾನೇನೂ ಹೊಟ್ಟೆಕಿಚ್ಚು ಪಡುತ್ತಿಲ್ಲ. ನನ್ನ ಹೊಟ್ಟೆಯಲ್ಲಿರುವುದು ಬರೀ ಆಮ್ಲ, ಡಾಕ್ಟರೇ ಹೇಳಿದ್ದಾರೆ. ಸುಮ್ಮನೆ ತಿಳಿದುಕೊಳ್ಳೋಣ ಅಂತ ಕೇಳಿದೆ.

ಇದಕ್ಕೆ ಫೋನಿನಲ್ಲಿ ಉತ್ತರ ಕೊಡಬೇಡ. ಫೋನಿನಲ್ಲಿ ನಾನು ಒಂದು ಒಳ್ಳೆಯ ಮಾತು ಹೇಳಿದರೆ ನೀನು "ಹಲೋ, ಹಲೋ, ಕೇಳಿಸ್ತಿಲ್ಲ" ಅನ್ನುತ್ತೀ. ಕಾಗದದಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇತಿ, ಎಡಗಡೆಯವನು,
ಅಪ್ಪ


ಜನವರಿ 21

ಅಪ್ಪಾ,

ನಿನ್ನ ಆಮ್ಲಕ್ಕೆ ಮದ್ದು ಇಲ್ಲಿದೆ, ಓದು.

ನಮ್ಮ ಲೈಬ್ರರಿಯ ಎರಡನೆಯ ಮಹಡಿಯಲ್ಲಿ, ಕಿಟಕಿ ಪಕ್ಕ, ಒಂದು ಮೇಜಿದೆ. ಅದರ ಹಿಂದೆ ಒಬ್ಬ ಮೇಡಂ ಕೂರುತ್ತಾರೆ. ನಾವು ನಮ್ಮ ಪ್ರಬಂಧಗಳಲ್ಲಿ ಬೇರೆಯವರ ಬರಹ, ಚಿತ್ರ, ಫೋಟೋ ಏನೇ ಬಳಸಿದರೂ ಅದು ನ್ಯಾಯವಾಗಿ ಬಂದದ್ದೋ ಅಲ್ಲವೋ ನೋಡುವುದು ಅವರ ಕೆಲಸ. ನಾವು ಅವರನ್ನು ‘ಕೇಳಿದ್ಯಾ ಮೇಡಂ’ ಅಂತೀವಿ. ನಮಸ್ಕಾರ ಅಂದರೂ "ಕೇಳಿದ್ಯಾ?" ಅನ್ನುತ್ತಾರೆ. ನನ್ನ ರೂಮಿನವಳು ಎಲ್ಲಿಂದಲೋ ಒಂದು ಫೋಟೋ ತಂದು ಅಂಟಿಸಿ, ಕೆಳಗೆ ‘ಇಂಟರ್‌ನೆಟ್ ಕೃಪೆ’ ಎಂದು ಬರೆದಿದ್ದಳು. ಮೇಡಂ ಕನ್ನಡಕ ತೆಗೆದು ಕೇಳಿದರು: "ಇಂಟರ್‌ನೆಟ್ ಅಂದ್ರೆ ಯಾರಮ್ಮ? ವಿಳಾಸ ಕೊಡು, ಒಂದು ಮಾತು ಕೇಳೋಣ."

ಅವರು ನನಗೆ ಹೇಳಿದ್ದು ಇಷ್ಟು. ನಿನ್ನ ಅಂಕಣದಿಂದ ನಾಲ್ಕು ಸಾಲು ಎತ್ತಿಕೊಂಡು, ಅದರ ಬಗ್ಗೆಯೇ ಚರ್ಚೆ ಮಾಡಿ, ಕೆಳಗೆ ಹೆಸರು, ಪತ್ರಿಕೆ, ದಿನಾಂಕ ಹಾಕಿದರೆ ಯಾರನ್ನೂ ಕೇಳಬೇಕಾಗಿಲ್ಲ. ವಿಮರ್ಶೆಗೆ ಅಷ್ಟು ಸಲುಗೆ ಇದೆ. ಆದರೆ ಚಿತ್ರ ಹಾಗಲ್ಲ. ಗೆರೆಮಾಮನ ಚಿತ್ರದಿಂದ ನಾಲ್ಕು ಗೆರೆ ಎತ್ತಿ ತೋರಿಸಿದರೆ ಅದು ಮೀಸೆಯೋ ಛತ್ರಿಯೋ ಯಾರಿಗೆ ಗೊತ್ತಾಗುತ್ತೆ? ಪೂರ್ತಿ ಹಾಕಬೇಕು. ಪ್ರಬಂಧವನ್ನು ಆಮೇಲೆ ವೆಬ್‌ಸೈಟಿನಲ್ಲಿ ಎಲ್ಲರಿಗೂ ತೆರೆದಿಡುತ್ತಾರೆ. ಹಾಗಾಗಿ ಅವರನ್ನು ಕೇಳದೆ ಆಗುವುದಿಲ್ಲ.

ನನ್ನ ಮೂರನೆಯ ಅಧ್ಯಾಯದ ವಾದವೇ ಇದು: ಓದುಗರು ನಕ್ಕದ್ದು ನಿನ್ನ ಬರಹಕ್ಕೂ ಅಲ್ಲ, ಅವರ ಚಿತ್ರಕ್ಕೂ ಅಲ್ಲ, ಎರಡರ ನಡುವೆ ಕಣ್ಣು ಓಡಾಡುವಾಗ. ಒಂಬತ್ತು ಚಿತ್ರ ಬೇಕು. ಅವು ಇಲ್ಲದಿದ್ದರೆ ಆ ಅಧ್ಯಾಯ ಇಲ್ಲ, ಅಧ್ಯಾಯ ಇಲ್ಲದಿದ್ದರೆ ಪದವಿ ಇಲ್ಲ. ಮೇ ಕೊನೆಯೊಳಗೆ ಒಪ್ಪಿಸಬೇಕು. ವಿಳಾಸ ಕಳಿಸು.

ನಿನ್ನ,
ಅಲ್ಪವಿರಾಮ


ಫೆಬ್ರವರಿ 2

ಅಲ್ಪವಿರಾಮಕ್ಕೆ,

ತಿಳಿಯಿತು. ಅವನಿಗೆ ಬಿನ್ನಹ, ನನಗೆ ಅಡಿಟಿಪ್ಪಣಿ. ಅಡಿಯಲ್ಲಿ ಇಡುವುದಕ್ಕೆ ಯಾರ ಅನುಮತಿ ಬೇಕು! ನನಗೆ ನಿನ್ನ ಪ್ರಬಂಧದಲ್ಲಿ ಉದ್ಧರಣ ಇದೆ, ಉದ್ಧಾರ ಇಲ್ಲ.

ಅವನ ವಿಳಾಸ ಇದರ ಹಿಂಬದಿಯಲ್ಲಿದೆ. ನನ್ನ ಕೈಯಲ್ಲಿ ಬರೆಯಲು ಮನಸ್ಸಾಗದೆ ನಿಮ್ಮಮ್ಮನ ಕೈಯಲ್ಲಿ ಬರೆಸಿದ್ದೇನೆ.

ನಾವಿಬ್ಬರೂ ಮಾತು ಬಿಟ್ಟಿದ್ದು ನಿನಗೆ ಗೊತ್ತು, ಯಾಕೆಂದು ಗೊತ್ತಿಲ್ಲ. ನೀನು ಆಗ ಹೈಸ್ಕೂಲು. ನಾನು ನಿವೃತ್ತನಾದ ಮರುವರ್ಷ ಅವನು ತನ್ನ ಚಿತ್ರಗಳನ್ನೆಲ್ಲ ಒಟ್ಟುಹಾಕಿ ಒಂದು ದಪ್ಪ ಪುಸ್ತಕ ಮಾಡಿದ. ಬಲಗಡೆ ಚಿತ್ರ. ಎಡಗಡೆ ಏನು ಗೊತ್ತೇ? ಖಾಲಿ! ಪುಟ ತಿರುವಿದರೆ ಬಲಗಡೆ ಚಿತ್ರ, ಎಡಗಡೆ ಬಿಳಿ ಹಾಳೆ. ನಾನು ಅಷ್ಟು ವರ್ಷ ಕೂತಿದ್ದ ಜಾಗ, ಮಗಳೇ, ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಬಿಡುಗಡೆಗೆ ಮಾತ್ರ ಕರೆದ. ಹೋದೆ, ಎರಡನೆಯ ಸಾಲಿನಲ್ಲಿ ಕೂತೆ, ಚಪ್ಪಾಳೆ ತಟ್ಟಿದೆ. ಮನೆಗೆ ಬಂದ ಮೇಲೆ ಅವನ ಫೋನ್ ಎತ್ತಲಿಲ್ಲ. ಮೂರು ಮುದ್ರಣ ಆಯಿತಂತೆ. ನಾನು ಲೆಕ್ಕ ಇಟ್ಟಿಲ್ಲ, ಕಿವಿಗೆ ಬಿತ್ತು.

ಅವನಿಗೆ ಬರೆಯುವಾಗ ನನ್ನ ಹೆಸರು ಎತ್ತಬೇಡ. ಎತ್ತಿದರೆ ನಾನು ಚೆನ್ನಾಗಿದ್ದೇನೆ ಎಂದು ಬರೆ.

ಇತಿ, ಖಾಲಿ ಪುಟ,
ಅಪ್ಪ

(ಅಮ್ಮನ ಕೈಬರಹದಲ್ಲಿ: ಪುಟ್ಟಾ, ಎರಡು ದಿನದಿಂದ ಸಾರಿಗೆ ಉಪ್ಪಿಲ್ಲ ಅಂತಿದ್ದಾರೆ. ಉಪ್ಪು ಇದೆ. ನೀನು ತಲೆ ಕೆಡಿಸಿಕೊಳ್ಳಬೇಡ.)


ಫೆಬ್ರವರಿ 13

ಗೆರೆಮಾಮನಿಗೆ ನಮಸ್ಕಾರಗಳು.

ನಿಮ್ಮ ಪಕ್ಕದ ಅಂಕಣದವರ ಮಗಳು ನಾನು. ನಿಮ್ಮ ಮಸಿ ಬಾಟಲಿ ಬೀಳಿಸಿದವಳು ಎಂದರೆ ಬೇಗ ನೆನಪಾಗಬಹುದು.

ನಾನು ಭಾನುವಾರದ ಕೊನೆಯ ಪುಟದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಅದರಲ್ಲಿ ನಿಮ್ಮ ಒಂಬತ್ತು ಚಿತ್ರಗಳನ್ನು ಪೂರ್ತಿಯಾಗಿ ಬಳಸಲು ನಿಮ್ಮ ಅನುಮತಿ ಬೇಕು. ಯಾವ ಒಂಬತ್ತು ಎಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಪ್ರಬಂಧ ಮಾರಾಟಕ್ಕಲ್ಲ. ಆದರೆ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಚಿತ್ರವನ್ನು ಕತ್ತರಿಸುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಕೆಳಗೆ ನಿಮ್ಮ ಹೆಸರು ಇರುತ್ತದೆ. ಮುಂದೆ ಪುಸ್ತಕವಾದರೆ ಮತ್ತೆ ಕೇಳುತ್ತೇನೆ. ಬೇಡ ಅನ್ನುವ ಹಕ್ಕು ನಿಮಗಿದೆ. ಬೇಡ ಅಂದರೂ ಬೇಜಾರಿಲ್ಲ. ಇದು ನಮ್ಮ ಲೈಬ್ರರಿಯ ಮೇಡಂ ಹೇಳಿಕೊಟ್ಟ ವಾಕ್ಯ. ನಿಜ ಹೇಳಬೇಕೆಂದರೆ ತುಂಬಾ ಬೇಜಾರಾಗುತ್ತದೆ.

ಅಪ್ಪ ಚೆನ್ನಾಗಿದ್ದಾರೆ.

ನಿಮ್ಮ ವಿಶ್ವಾಸಿ,
ಅಲ್ಪವಿರಾಮ


ಮಾರ್ಚ್ 1

ಮಸಿ ಚೆಲ್ಲಿದ ಹುಡುಗಿಗೆ,

ಕೊಟ್ಟೆ. ಒಂಬತ್ತನ್ನೂ ಕೊಟ್ಟೆ. ಸಹಿ ಮಾಡಿದ ಹಾಳೆ ಜೊತೆಗಿದೆ. ಏಳನೆಯದು ಕೆಟ್ಟ ಚಿತ್ರ, ನಾಯಿ ಕುದುರೆಯ ಹಾಗೆ ಕಾಣುತ್ತದೆ. ಆದರೂ ಇರಲಿ, ಕೆಟ್ಟದ್ದನ್ನೂ ಯಾರಾದರೂ ಕೇಳಿ ಪಡೆಯುವುದು ಒಂದು ಸುಖ.

ನನ್ನ ಚಿತ್ರಗಳನ್ನು ಜನ ಕ್ಯಾಲೆಂಡರಿನಲ್ಲಿ ಹಾಕಿದ್ದಾರೆ, ಔಷಧಿ ಅಂಗಡಿಯ ಚೀಲದ ಮೇಲೆ ಹಾಕಿದ್ದಾರೆ, ಚುನಾವಣೆಯಲ್ಲಿ ಎರಡೂ ಪಕ್ಷದವರು ಹಾಕಿದ್ದಾರೆ. ಹೀಗೆ ಕಾಗದ ಬರೆದು ಕೇಳಿದವಳು ನೀನೇ ಮೊದಲು. ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ನಿಮ್ಮಪ್ಪನನ್ನೂ ಹೀಗೇ ಕೇಳಿದೆಯಾ? ಕೇಳಿರಲಾರೆ. ಅವನ ಸಾಲುಗಳನ್ನು ಡಬ್ಬಿಗೆ ಕೈ ಹಾಕಿ ತಿಂಡಿ ತೆಗೆದ ಹಾಗೆ ತೆಗೆದುಕೊಂಡಿರುತ್ತೀ. ಅದೃಷ್ಟವಂತ.

ಇತಿ,
ಬಲಗಡೆಯವನು


ಮಾರ್ಚ್ 15

ಅಲ್ಪವಿರಾಮಕ್ಕೆ,

ಗೆರೆಯ ಪತ್ರದ ನಕಲು ಕಳಿಸಿದ್ದಕ್ಕೆ ಸಂತೋಷ. ಸಂತೋಷ ಎಂದು ಬರೆಯುವಾಗ ಪೆನ್ನು ಕಾಗದವನ್ನು ಕೊಂಚ ಹರಿಯಿತು, ಹಿಂಬದಿ ನೋಡಬೇಡ. ಗಾಜಿನ ಕೆಳಗೆ ಇಟ್ಟಿದ್ದಾನಂತೆ! ನನ್ನ ಮೇಜಿಗೂ ಗಾಜಿದೆ. ಅದರ ಕೆಳಗೆ ಹೋದ ವರ್ಷದ ಕರೆಂಟ್ ಬಿಲ್ ಇದೆ.

ನೀನು ಕೇಳದಿದ್ದರೂ ನಾನು ಕೊಡಬಲ್ಲೆ. ಈ ಕೆಳಗಿನದನ್ನು ನಿನ್ನ ಮೇಡಂಗೆ ತೋರಿಸು.

"ಈ ಮೂಲಕ ಹಾಸ್ಯ ಅಂಕಣಕಾರನೂ ನಿನ್ನ ಜನಕನೂ ಆದ ನಾನು, ಸ್ವಸ್ಥ ಮನಸ್ಸಿನಿಂದ (ನಿಮ್ಮಮ್ಮನ ಭಿನ್ನಾಭಿಪ್ರಾಯವನ್ನು ದಾಖಲಿಸಿ), ನನ್ನ ಸಮಸ್ತ ಅಂಕಣಗಳನ್ನು, ನಾಲ್ಕು ಸಾಲಲ್ಲ, ತಲೆಬರಹದಿಂದ ಕೊನೆಯ ಚುಕ್ಕಿಯವರೆಗೆ, ನನ್ನ ಮಗಳು ತನ್ನ ಪ್ರಬಂಧದಲ್ಲೂ ವೆಬ್‌ಸೈಟಿನಲ್ಲೂ ಬಳಸಿಕೊಳ್ಳಲು ಅನುಮತಿ ನೀಡಿದ್ದೇನೆ. ಅವನು ಒಂಬತ್ತು ಕೊಟ್ಟಿದ್ದಾನೆ. ನಾನು ಎಲ್ಲವನ್ನೂ ಕೊಟ್ಟಿದ್ದೇನೆ."

ಸಹಿಯ ಕೆಳಗೆ ಹೆಬ್ಬೆಟ್ಟನ್ನೂ ಒತ್ತಿದ್ದೇನೆ. ಅವನು ಒತ್ತಿರಲಿಲ್ಲ ತಾನೇ?

ಇತಿ, ದಾನಶೂರ,
ಅಪ್ಪ


ಏಪ್ರಿಲ್ 4

ಅಪ್ಪಾ,

ಇದನ್ನು ಮೂರು ಸಲ ಬರೆದು ಹರಿದೆ.

ನಿನ್ನ ದಾನಪತ್ರ ನೋಡಿ ನಾನು ಕುಣಿದುಬಿಟ್ಟೆ. ನಾಲ್ಕು ನಾಲ್ಕು ಸಾಲು ತೆಗೆದು, ಒಂಬತ್ತು ಅಂಕಣಗಳನ್ನೂ ಪೂರ್ತಿ ಹಾಕಿದೆ. ಎಡಗಡೆ ನೀನು, ಬಲಗಡೆ ಮಾಮ, ಪುಟ ಪತ್ರಿಕೆಯ ಹಾಗೇ ಕಾಣುತ್ತಿತ್ತು. ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಹೆಬ್ಬೆಟ್ಟು ನೋಡಿ ನಕ್ಕರು. ಆಮೇಲೆ ಕೇಳಿದರು: "ನಿಮ್ಮಪ್ಪ ಆ ಪತ್ರಿಕೆಯಲ್ಲಿ ಸಂಬಳಕ್ಕೆ ಇದ್ದರಾ, ಹೊರಗಿನಿಂದ ಬರೀತಿದ್ದರಾ?"

"ಸಂಬಳಕ್ಕೇ. ಉಪಸಂಪಾದಕರು," ಅಂದೆ ಹೆಮ್ಮೆಯಿಂದ.

"ಹಾಗಾದ್ರೆ ಪತ್ರಿಕೆಯವರನ್ನ ಕೇಳಿದ್ಯಾ?"

ಕೇಳಿದೆ. ಅವರ ಉತ್ತರ ನಿನ್ನೆ ಬಂತು. ಕೆಲಸಕ್ಕೆ ಸೇರುವಾಗಿನ ಒಪ್ಪಂದದ ಪ್ರಕಾರ ಸಿಬ್ಬಂದಿ ಬರೆದದ್ದೆಲ್ಲ ಪತ್ರಿಕೆಯದು. ಗೆರೆಮಾಮ ಚಿತ್ರಕ್ಕೆ ಇಷ್ಟು ಎಂದು ಹಣ ಪಡೆದು ಹೊರಗಿನಿಂದ ಬರೆದುಕೊಡುತ್ತಿದ್ದವರು, ಹಾಗಾಗಿ ಅವರದು ಅವರದೇ. ನಿನ್ನ ಅಂಕಣದ ಸಾಲುಗಳನ್ನು ಚರ್ಚೆಗೆ ಬೇಕಾದಷ್ಟು ಉದ್ಧರಿಸಲು ಅವರ ಅಭ್ಯಂತರವಿಲ್ಲ. ಪೂರ್ತಿ ಅಂಕಣ ವೆಬ್‌ಸೈಟಿಗೆ ಕೊಡುವುದಿಲ್ಲ.

ಅಂದರೆ, ಅಪ್ಪಾ, ನೀನು ಕೊಟ್ಟದ್ದು ಕೊಡಲು ನಿನ್ನದಾಗಿರಲಿಲ್ಲ.

ಅಧ್ಯಾಯವನ್ನು ಮೇಡಂ ತಡೆಹಿಡಿದಿದ್ದಾರೆ. ಪೂರ್ತಿ ಅಂಕಣಗಳನ್ನು ತೆಗೆದು ಮತ್ತೆ ಚಿಕ್ಕ ಉದ್ಧರಣಗಳನ್ನು ಹಾಕಿದರೆ ಬಿಡುತ್ತಾರೆ. ಯಾವ ಸಾಲು ಉಳಿಸಲಿ? ನೀನೇ ಆರಿಸಿಕೊಡುತ್ತೀಯಾ?

ನಿನ್ನ ಅಲ್ಪವಿರಾಮ


ಏಪ್ರಿಲ್ 11

ಮಗಳಿಗೆ,

ಪತ್ರ ತಲುಪಿತು.

ನನ್ನದು ತೆಗೆಯಬೇಕಾದರೆ ಅವನದನ್ನೂ ತೆಗೆದುಬಿಡು.

ಅಪ್ಪ


ಏಪ್ರಿಲ್ 19

ಪುಟ್ಟಾ,

ನಿಮ್ಮಪ್ಪ ಒಂದು ವಾರದಿಂದ ಒಂದೂ ತಮಾಷೆ ಮಾಡಿಲ್ಲ. ನೆಲ ಒರೆಸುವವಳೇ ಕೇಳಿದಳು, "ಯಜಮಾನರಿಗೆ ಹುಷಾರಿಲ್ವಾ?" ಅಂತ. ನನಗೆ ಅವರ ತಮಾಷೆ ಬೇಡವಾಗಿತ್ತು. ಆದರೆ ಇದು ಅದಕ್ಕಿಂತ ಕಷ್ಟ.

ಮೊನ್ನೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪತ್ರಿಕೆ ಆಫೀಸಿಗೆ ಹೋಗಿದ್ದರು. ಬಾಗಿಲಲ್ಲಿ ಕೂತ ಹುಡುಗಿ "ಯಾರು ಬೇಕಿತ್ತು ಸಾರ್?" ಅಂದಳಂತೆ. "ನಾನೇ ಬೇಕಿತ್ತಮ್ಮ" ಅಂದರಂತೆ. ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಕೂರಿಸಿ ಚಹಾ ಕೊಟ್ಟರಂತೆ, ಫೋಟೋ ತೆಗೆಸಿಕೊಂಡರಂತೆ, ನಿಯಮ ಮಾತ್ರ ನಿಯಮ ಅಂದರಂತೆ. ಬಂದವರು ಅಂಗಿ ಬಿಚ್ಚದೆ ಹಾಗೇ ಕುರ್ಚಿಯಲ್ಲಿ ಕೂತಿದ್ದರು.

ನೀನು ನಿನ್ನ ಕೆಲಸ ನಿಲ್ಲಿಸಬೇಡ. ಅವರು ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಮ್ಮ


ಏಪ್ರಿಲ್ 25

ಗೆರೆಮಾಮ,

ನಮಸ್ಕಾರ. ನಿಮ್ಮ ಅನುಮತಿಗೆ ಇನ್ನೊಮ್ಮೆ ವಂದನೆ. ಅದನ್ನು ಬಳಸಿಕೊಳ್ಳುವುದೋ ಬಿಡುವುದೋ ಎಂದು ನನಗೇ ಗೊತ್ತಾಗುತ್ತಿಲ್ಲ. ಅಪ್ಪನ ಅಂಕಣಗಳ ಹಕ್ಕು ಪತ್ರಿಕೆಯದಂತೆ. ನಿಮ್ಮ ಚಿತ್ರ ಪೂರ್ತಿ ಬರುತ್ತದೆ, ಅಪ್ಪನದು ಚೂರು ಚೂರು. ನಿಮ್ಮದನ್ನೂ ತೆಗೆ ಅನ್ನುತ್ತಾರೆ. ಕಾನೂನಿನ ಪ್ರಕಾರ ಅವರ ಮಾತು ಕೇಳಬೇಕಿಲ್ಲ. ಆದರೆ ಅವರ ಮನಸ್ಸು ನೋಯಿಸಿ ಆ ಅಧ್ಯಾಯ ಒಪ್ಪಿಸಿದರೆ, ಆ ಪದವಿಯನ್ನು ಯಾರಿಗೆ ತೋರಿಸಲಿ? ತೆಗೆದರೆ ಅಧ್ಯಾಯ ಬೀಳುತ್ತದೆ.

ನಿಮ್ಮಿಂದ ಏನನ್ನೂ ಕೇಳಲು ಬರೆದದ್ದಲ್ಲ. ಕೊಟ್ಟವರಿಗೆ ವಿಷಯ ತಿಳಿಸಬೇಕಲ್ಲ ಎಂದು ಬರೆದೆ.

ಅಲ್ಪವಿರಾಮ


ಮೇ 3

ಹುಡುಗೀ,

ನಿಮ್ಮಪ್ಪನಿಗೆ ಈಗ ಗೊತ್ತಾಯಿತೇ. ನನಗೆ ಪುಸ್ತಕ ಮಾಡಿದ ವರ್ಷವೇ ಗೊತ್ತಿತ್ತು.

ಆ ಪುಸ್ತಕವನ್ನು ಇಬ್ಬರದಾಗಿ ಮಾಡಬೇಕೆಂದೇ ಹೊರಟಿದ್ದೆ. ಅವನಿಗೆ ಹೇಳದೆ, ಅಚ್ಚಾದ ಮೇಲೆ ತೋರಿಸಿ ಬೆಚ್ಚಿಬೀಳಿಸೋಣ ಎಂದು. ಅಂಕಣ ಕೇಳಲು ಪತ್ರಿಕೆಗೆ ಹೋದರೆ, ಅವು ನಮ್ಮವು, ಕೊಡುವುದಿಲ್ಲ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಅವನ ಮನೆಗೆ ಹೋಗಿ ಏನೆಂದು ಹೇಳಲಿ? ‘ಅಯ್ಯಾ, ನೀನು ಇಷ್ಟು ವರ್ಷ ಬರೆದದ್ದು ನಿನ್ನದಲ್ಲವಂತೆ’ ಎಂದೇ? ನಿವೃತ್ತಿಯ ಹಾರ ಇನ್ನೂ ಬಾಡಿರಲಿಲ್ಲ. ಅದಕ್ಕಿಂತ ನಾನು ಸ್ವಾರ್ಥಿ ಅನ್ನಿಸಿಕೊಳ್ಳುವುದು ಸುಲಭ ಅನ್ನಿಸಿತು. ಅನ್ನಿಸಿಕೊಂಡೆ. ಎಡಗಡೆಯ ಹಾಳೆಗಳನ್ನು ಖಾಲಿ ಬಿಟ್ಟದ್ದು ಕಾಗದ ಹೆಚ್ಚಾಗಿ ಅಲ್ಲ. ಅಲ್ಲಿ ಬೇರೆ ಏನನ್ನೂ ಹಾಕಲು ಕೈ ಬರಲಿಲ್ಲ. ಪ್ರಕಾಶಕರು ಆ ಬಗ್ಗೆ ನನ್ನ ಜೊತೆ ಜಗಳವಾಡಿದರು.

ಇನ್ನೊಂದು ಮಾತು. ನಾನು ಸಂತನಲ್ಲ. ಅವನಿಗೆ ಒಂದನೇ ತಾರೀಕು ಸಂಬಳ ಬರುವಾಗ ನಾನು ಹೊಟ್ಟೆ ಉರಿದುಕೊಂಡಿದ್ದೇನೆ. ಸಂಜೆ ನೀನು ಶಾಲೆಯ ಚೀಲ ಹಾಕಿಕೊಂಡು ಆಫೀಸಿಗೆ ಓಡಿ ಬಂದು, ನನಗೆ ಬಿಟ್ಟುಕೊಟ್ಟಿದ್ದ ಮೂಲೆಯ ಮೇಜು ದಾಟಿ ಅವನ ಮೇಜಿಗೆ ಹೋಗುವಾಗ ಇನ್ನೂ ಹೆಚ್ಚು ಉರಿದುಕೊಂಡಿದ್ದೇನೆ. ಈಗ ನನ್ನ ಚಿತ್ರಗಳನ್ನು ಎಲ್ಲವೂ ನನ್ನದೇ ಎಂದು ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಕೇಳಲು ಬೇರೆಯವನ ಮಗಳೇ ಬರಬೇಕಾಯಿತು.

ಈ ಪತ್ರವನ್ನು ಅವನಿಗೆ ಕಳಿಸಲು ಅನುಮತಿ ಇದೆ. ನಾಲ್ಕು ಸಾಲಲ್ಲ, ಪೂರ್ತಿ.

ಇತಿ,
ಗೆರೆಮಾಮ


ಮೇ 16

ಅಲ್ಪವಿರಾಮಕ್ಕೆ,

ನೀನು ಕಳಿಸಿದ ಅವನ ಪತ್ರವನ್ನು ಓದಿ ಮೊದಲು ಬಂದದ್ದು ಕಣ್ಣೀರಲ್ಲ, ಕೋಪ. ನನಗಿಂತ ಚೆನ್ನಾಗಿ ಬರೆಯುತ್ತಾನೆ! ಇಷ್ಟು ದಿನ ಮೂಲೆಯಲ್ಲಿ ಕೂತು ಚಿತ್ರ ಬರೆಯುವ ಸೋಗು ಹಾಕಿದ್ದನೇ?

ನಿನ್ನೆ ಅವನ ಮನೆಗೆ ಹೋದೆ. ಮೂರನೆಯ ಮಹಡಿ. ಬಾಗಿಲು ತೆರೆದ. ತಲೆಯ ಮೇಲೆ ಕೂದಲಿಲ್ಲ, ಕಿವಿಯ ಹಿಂದೆ ಪೆನ್ಸಿಲ್ ಮಾತ್ರ ಇನ್ನೂ ಇದೆ.

"ಬಾ. ಚಪ್ಪಲಿ ಅಲ್ಲೇ ಬಿಡು," ಅಂದ.

"ಬಿಟ್ಟೆ."

"ಕೋಪ?"

"ಅದನ್ನ ಒಳಗೆ ತಂದಿದೀನಿ."

"ತಾ, ತಾ. ಎರಡು ಕುರ್ಚಿ ಇದೆ. ಒಂದರಲ್ಲಿ ಅದನ್ನ ಕೂರಿಸು, ನಾನು ನಿಂತ್ಕೋತೀನಿ."

ನಾನು ನಗಬಾರದು ಎಂದುಕೊಂಡೇ ಮೆಟ್ಟಿಲು ಹತ್ತಿದ್ದೆ. ಆಗಲಿಲ್ಲ.

ಒಂಬತ್ತು ಅಂಕಣಗಳ ಹಾಳೆಗಳನ್ನು ತೆಗೆದುಕೊಂಡು ಹೋಗಿದ್ದೆ. ಯಾವ ಸಾಲು ಉಳಿಸಬೇಕೆಂದು ನೀನು ಕೇಳಿದ್ದೆಯಲ್ಲ, ಒಂದು ವಾರ ಕೂತು ಆರಿಸಿದ್ದೆ. ಕಿಟಕಿಯ ಪಕ್ಕದ ಅವನ ಇಳಿಜಾರು ಮೇಜಿನ ಮೇಲೆ ಹರಡಿದೆ. ಅವನು ಮೊದಲ ಹಾಳೆ ನೋಡಿ, "ಇದೇನಯ್ಯಾ, ಇಡೀ ಅಂಕಣಕ್ಕೇ ಗುರುತು ಹಾಕಿದೀಯ!" ಅಂದ.

"ಎಲ್ಲಾ ಮುಖ್ಯ."

"ನಿನ್ನ ಮಗಳು ಪರೀಕ್ಷೆಗೆ ಕೂತಿರೋದು, ನೀನಲ್ಲ. ಕೊಡು ಇಲ್ಲಿ."

ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಆಮೇಲೆ ನಡೆದದ್ದನ್ನು ನಿನಗೆ ಹೇಳಲೇಬೇಕು, ಯಾಕೆಂದರೆ ಇದನ್ನು ಒಬ್ಬನೇ ತಡೆದುಕೊಳ್ಳಲು ಆಗುತ್ತಿಲ್ಲ. ಅವನು ಹಾಳೆ ಓದಲೇ ಇಲ್ಲ. ಬೀರುವಿನಿಂದ ತನ್ನ ಚಿತ್ರ ತೆಗೆದು ನೋಡಿದ, ಕಣ್ಣು ಮುಚ್ಚಿದ, ನನ್ನ ಸಾಲನ್ನು ಬಾಯಲ್ಲಿ ಹೇಳಿದ. ಹಾಳೆಯಲ್ಲಿ ಹುಡುಕಿದರೆ ಅಕ್ಷರ ಅಕ್ಷರ ಹಾಗೇ ಇದೆ. ನನಗೇ ಮರೆತುಹೋದ ಸಾಲುಗಳು! ಬರೆದವನು ನಾನು, ಹಕ್ಕು ಪತ್ರಿಕೆಯದು, ಬಾಯಿಪಾಠ ಅವನಿಗೆ. ಎಲ್ಲಿ ಅಸೂಯೆ ಪಡುವುದೆಂದೇ ತಿಳಿಯಲಿಲ್ಲ.

ಒಂದೊಂದು ಅಂಕಣಕ್ಕೆ ಮೂರೋ ನಾಲ್ಕೋ ಸಾಲು ಬಿಟ್ಟು ಉಳಿದದ್ದನ್ನು ಹೊಡೆದುಹಾಕಿದ. ಪ್ರತಿ ಸಲವೂ ನಾನು ಎದ್ದು ನಿಂತು ಕೂಗಾಡಿದೆ. ಅವನು ಚಿತ್ರವನ್ನು ಸುಮ್ಮನೆ ನನ್ನ ಕಡೆ ತಿರುಗಿಸಿ, ಆ ಸಾಲಿನ ಪಕ್ಕ ಹಿಡಿದು, "ನೋಡು" ಅನ್ನುತ್ತಿದ್ದ. ನೋಡಿದೆ. ನೀನು ಅಧ್ಯಾಯದಲ್ಲಿ ಬರೆದಿರುವುದು ನಿಜ ಮಗಳೇ. ಕಣ್ಣು ಎಡಕ್ಕೂ ಬಲಕ್ಕೂ ಓಡಾಡುತ್ತದೆ, ನಡುವೆ ಎಲ್ಲೋ ನಗು ಬರುತ್ತದೆ. ನನಗೂ ಬಂತು. ನಾನು ಓದುಗನಾಗಿ ಆ ಪುಟವನ್ನು ನೋಡಿದ್ದು ಇದೇ ಮೊದಲು.

‘ಅವನದನ್ನೂ ತೆಗೆದುಬಿಡು’ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ತೆಗೆದುಬಿಡು.

ಆರಿಸಿದ ಸಾಲುಗಳು ಇದರ ಜೊತೆಗಿವೆ. ಪತ್ರಿಕೆಯ ಹೆಸರು, ದಿನಾಂಕ, ಪುಟ ಎಲ್ಲ ಸರಿಯಾಗಿ ಬರೆದಿದ್ದೇವೆ. ಅವನ ಕೈಬರಹ ಚೆನ್ನಾಗಿದೆ ಎಂದು ಅವನೇ ಬರೆದ; ನಾನು ಹೇಳಿದೆ, ಅವನು ಬರೆದ, ಎಂದು ತಿಳಿದುಕೋ. ನಿನ್ನ ಮೇಡಂ ‘ಕೇಳಿದ್ಯಾ?’ ಅಂದರೆ ಕೇಳಬೇಕಾದವರನ್ನೆಲ್ಲ ಕೇಳಿದೆ, ಕೇಳಬೇಕಾಗಿಲ್ಲದವರೂ ಒಪ್ಪಿದರು ಎಂದು ಹೇಳು.

ಒಂಬತ್ತರಲ್ಲಿ ಎಂಟು ಕಡೆ ಅವನು ಆರಿಸಿದ್ದೇ ಸರಿ. ಒಂಬತ್ತನೆಯದರಲ್ಲೂ ಅವನೇ ಸರಿ. ಆದರೆ ನಾನು ಬಿಟ್ಟುಕೊಡಲಿಲ್ಲ. ಅಲ್ಲಿ ಮಾತ್ರ ನಾನು ಹೇಳಿದ ಸಾಲನ್ನೇ ಹಾಕು.

ಇತಿ,
ಅಪ್ಪ